ಗೊತ್ತಿದ್ದದ್ದು ಒಬ್ಬನ ಹೆಸರು

ಬ್ಯಾಂಕಿನ ಸಾಲದ ಅರ್ಜಿಯಲ್ಲಿ 'ಉದ್ಯೋಗ' ಅಂತ ಒಂದು ಖಾನೆ ಇರುತ್ತದೆ. ಹೋದ ವರ್ಷ ಹೊಸ ಜೆರಾಕ್ಸ್ ಮಷಿನ್ನಿಗೆ ಸಾಲ ಕೇಳಲು ಹೋದಾಗ ಅಲ್ಲಿ 'ಪತ್ರಕರ್ತ' ಎಂದು ಬರೆದೆ. ಕೌಂಟರಿನಲ್ಲಿದ್ದವರು ಓದಿ, "ಸರ್, ಇದನ್ನ ಹೊಡೆದು ಹಾಕಿ ಸ್ವಂತ ವ್ಯಾಪಾರ ಅಂತ ಬರೀರಿ, ಸಾಲ ಲಗೂನ ಆಗ್ತದ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆ ನಡೆಯುವುದು ತಾಲ್ಲೂಕು ಕಚೇರಿ ಎದುರಿನ ಡಿಟಿಪಿ-ಜೆರಾಕ್ಸ್ ಅಂಗಡಿಯಿಂದ. ಸುದ್ದಿ ಕಳಿಸಿದ್ದಕ್ಕೆ ಬರುವ ಗೌರವಧನ ಬೈಕಿನ ಪೆಟ್ರೋಲಿಗೆ ಸರಿಹೋಗುತ್ತದೆ, ಅದೂ ಬಂದ ತಿಂಗಳು. ಹನ್ನೊಂದು ವರ್ಷ ಸ್ಟ್ರಿಂಗರ್ ಆಗಿದ್ದವನು ಪತ್ರಕರ್ತ ಎಂಬ ಪದದ ಮೇಲೆ ಒಂದು ಗೆರೆ ಎಳೆದು ಸಹಿ ಹಾಕಿದೆ.

ಆಗ ನೆನಪಾದವರು ಐರ್ಲೆಂಡಿನ ಒಬ್ಬ ವೀಕ್ಷಕ ವಿವರಣೆಗಾರರು. 2024ರ ಜೂನ್ 25ರಂದು, 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಓದಿದ್ದೆ. 61 ವರ್ಷ ರೇಡಿಯೋದಲ್ಲಿ ಆಟ ಹೇಳಿದವರು ಎಂಬ ಸಾಲು ಕಣ್ಣಿಗೆ ಬಿದ್ದು, ಅಂಗಡಿಯಲ್ಲಿ ಕರೆಂಟ್ ಇಲ್ಲದ ಮಧ್ಯಾಹ್ನಗಳಲ್ಲಿ ಅವರ ಹಳೆಯ ಧ್ವನಿಮುದ್ರಣಗಳನ್ನು ಕೇಳತೊಡಗಿದೆ. ಅವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿದರೆ ನಾಲಿಗೆ ಸುತ್ತಿಕೊಳ್ಳುತ್ತದೆ, ಐರಿಷ್ ಭಾಷೆಯ ಕಾಗುಣಿತವೇ ಬೇರೆ. ಕೇಳಿ ಕೇಳಿ ನಾನು ಬರೆದುಕೊಂಡದ್ದು ಹೀಗೆ: ಮೀಹಾಲ್ ಓ ಮುರ್ಹರ್ತಿ. ಬರೆದುಕೊಂಡದ್ದು ಪೂರ್ತಿ ಸರಿ ಇರಲಿಕ್ಕಿಲ್ಲ, ಕ್ಷಮಿಸಿ.

ಈ ಮನುಷ್ಯ ಅಂಥ ಅರ್ಜಿ ತುಂಬಿದ್ದರೆ ಉದ್ಯೋಗದ ಖಾನೆಯಲ್ಲಿ ಏನು ಬರೆಯುತ್ತಿದ್ದರು? 'ಶಿಕ್ಷಕ' ಎಂದೇ ಬರೆಯಬೇಕಿತ್ತು. ಡಬ್ಲಿನ್ನಿನ ಶಾಲೆಗಳಲ್ಲಿ ಲೆಕ್ಕಶಾಸ್ತ್ರ, ಐರಿಷ್ ಭಾಷೆ ಎಲ್ಲ ಕಲಿಸುತ್ತಿದ್ದ ಮೇಷ್ಟ್ರು ಅವರು. 1980ರ ದಶಕದ ತನಕ ಅದೇ ಹೊಟ್ಟೆಪಾಡು. ಐರ್ಲೆಂಡಿಗೆ ಗೊತ್ತಿದ್ದ ಆ ದನಿ ಸೋಮವಾರ ಬೆಳಿಗ್ಗೆ ಹಾಜರಿ ಕೂಗುತ್ತಿತ್ತು.

ಅವರು ಹುಟ್ಟಿದ್ದು 1930ರ ಆಗಸ್ಟ್ 20ರಂದು, ನೈರುತ್ಯ ತುದಿಯ ಕೆರ್ರಿ ಕೌಂಟಿಯಲ್ಲಿ, ಡಿಂಗಲ್ ಊರಿನ ಹತ್ತಿರದ ಡೂನ್ ಶೀನ್ ಎಂಬ ಹಳ್ಳಿಯ ರೈತರ ಮನೆಯಲ್ಲಿ. ಕೌಂಟಿ ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆ ಅಂದುಕೊಳ್ಳಿ. ಮೇಷ್ಟ್ರಾಗಲು ಓದುತ್ತ ಡಬ್ಲಿನ್ನಿನ ಶಿಕ್ಷಕರ ಕಾಲೇಜು ಸೇರಿದರು. 1949ರಲ್ಲಿ ಅಲ್ಲಿನ ಸರ್ಕಾರಿ ರೇಡಿಯೋದವರಿಗೆ ಐರಿಷ್ ಭಾಷೆಯಲ್ಲಿ ಆಟದ ವಿವರಣೆ ಕೊಡುವವರು ಬೇಕಾಗಿದ್ದರು. ಆ ಕಾಲೇಜಿನ ಹತ್ತಾರು ಹುಡುಗರು ಪರೀಕ್ಷೆಗೆ ಹೋದರು. ಇವರೂ ಹೋದರು. ವಯಸ್ಸು ಹದಿನೆಂಟು.

ಪರೀಕ್ಷೆ ನಡೆದದ್ದು ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ, ಒಂದು ಹರ್ಲಿಂಗ್ ಆಟದ ಮುಂದೆ. ಹರ್ಲಿಂಗ್ ಅಂದರೆ ಕಡೆಗೆ ಚಪ್ಪಟೆಯಾದ ಮರದ ಕೋಲಿನಿಂದ ಸಣ್ಣ ಚರ್ಮದ ಚೆಂಡನ್ನು ಗಾಳಿಯಲ್ಲೇ ಬಾರಿಸುವ ಆಟ. ಒಂದು ತಂಡಕ್ಕೆ ಹದಿನೈದು ಜನ. ಗೋಲು ಕಂಬದ ಅಡ್ಡಪಟ್ಟಿಯ ಮೇಲಿಂದ ಚೆಂಡು ಹೋದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಅಂಕ. ಚೆಂಡು ಎಷ್ಟು ವೇಗವಾಗಿ ಹೋಗುತ್ತದೆಂದರೆ ಮೊದಲ ಸಲ ವಿಡಿಯೋ ನೋಡಿದಾಗ ನನಗೆ ಚೆಂಡೇ ಕಾಣಲಿಲ್ಲ. ನಮ್ಮ ಹುಡುಗ ಬಂದಿದ್ದು ಫುಟ್‌ಬಾಲ್ ಸೀಮೆಯಿಂದ, ಹರ್ಲಿಂಗ್ ಅಷ್ಟು ಗೊತ್ತಿಲ್ಲ. ಆಟಗಾರರಂತೂ ಯಾರೂ ಗೊತ್ತಿಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಡಿಂಗಲ್ ಶಾಲೆಯಲ್ಲಿ ಜೊತೆಗೆ ಓದಿದವನು.

ಕೊಟ್ಟ ಕೆಲವು ನಿಮಿಷಗಳಲ್ಲಿ ಹುಡುಗ ಮಾಡಿದ್ದೇನೆಂದರೆ, ಚೆಂಡು ಎಲ್ಲಿಗೇ ಹೋಗಲಿ, ಅದನ್ನು ತನ್ನ ಗೆಳೆಯನ ಕೈಗೆ ಕೊಟ್ಟ. ಹೊಡೆದವನೂ ಅವನೇ, ತಡೆದವನೂ ಅವನೇ. ಮುದುಕರಾದ ಮೇಲೂ ಅವರು ಈ ಕಥೆಯನ್ನು ನಗುತ್ತ ಹೇಳುತ್ತಿದ್ದರು. ಕೆಲಸ ಸಿಕ್ಕಿತು. ಅದೇ ಮಾರ್ಚ್ 17ರಂದು, ಸಂತ ಪ್ಯಾಟ್ರಿಕ್ಕನ ಹಬ್ಬದ ದಿನ, ರೇಲ್ವೇ ಕಪ್ ಫೈನಲ್ಲಿನ ವಿವರಣೆಯನ್ನು ಐರಿಷಿನಲ್ಲಿ ಕೊಟ್ಟರು. ಮೊದಲ ಪ್ರಸಾರ ಅದು.

ಈ ಕಥೆ ಓದಿದವರೆಲ್ಲ ನಗುತ್ತಾರೆ. ನನಗೆ ನಗು ಬರಲಿಲ್ಲ, ಯಾಕೆಂದರೆ ಅದನ್ನೇ ನಾನು ನಿಜವಾದ ಪಂದ್ಯದಲ್ಲಿ ಮಾಡಿದ್ದೇನೆ.

ಏಳೆಂಟು ವರ್ಷದ ಹಿಂದಿನ ಮಾತು. ತಾಲ್ಲೂಕು ಮಟ್ಟದ ಖೋಖೋ ಫೈನಲ್. ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಗದ್ದಲವಿತ್ತು, ನಾನು ಮೈದಾನ ಮುಟ್ಟುವ ಹೊತ್ತಿಗೆ ಕಪ್ ಕೊಡುತ್ತಿದ್ದರು. ಗೆದ್ದ ತಂಡದಲ್ಲಿ ನನಗೆ ಗೊತ್ತಿದ್ದವನು ನಮ್ಮ ಓಣಿಯ ಒಬ್ಬ ಹುಡುಗ. ಅವನನ್ನೇ ಕೇಳಿದೆ, ಅವನು ಹೇಳಿದ, ನಾನು ಬರೆದೆ. ವರದಿಯಲ್ಲಿ ಅವನ 'ಚುರುಕಿನ ಆಟ' ತಂಡವನ್ನು ಗೆಲ್ಲಿಸಿತು. ಸುದ್ದಿ ಚೆನ್ನಾಗಿಯೇ ಬಂತು, ಎರಡು ಕಾಲಂ, ಫೋಟೋ ಸಮೇತ.

ಎರಡು ದಿನ ಬಿಟ್ಟು ತಾಂಡಾದಿಂದ ಒಬ್ಬರು ಅಂಗಡಿಗೆ ಬಂದರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ಐದು ಜೆರಾಕ್ಸ್ ಬೇಕು ಅಂದರು, ಸಂಬಂಧಿಕರಿಗೆ ಕೊಡಲು. ಮಗ ಆ ತಂಡದಲ್ಲಿದ್ದ. ಕೊನೆಯ ಸರದಿಯಲ್ಲಿ ಔಟಾಗದೆ ಓಡಿ ಓಡಿ ಉಳಿದವನು ಅವನೇ ಎಂದು ನನಗೆ ಆಮೇಲೆ ದೈಹಿಕ ಶಿಕ್ಷಕರಿಂದ ತಿಳಿಯಿತು. ಪ್ರತಿಗಳನ್ನು ಕೈಗೆ ತೆಗೆದುಕೊಂಡು ಅವರು ಕೇಳಿದರು: "ಇದರಾಗ ನಮ್ಮ ಹುಡುಗನ ಹೆಸರು ಎಲ್ಲೈತ್ರಿ ಸಾಹೇಬ್ರ? ನನಗ ಓದಾಕ ಬರಂಗಿಲ್ಲ. ಒಂಚೂರು ಗೆರಿ ಎಳದು ಕೊಡ್ರಿ."

ಪೆನ್ನು ಹಿಡಿದು ನಿಂತೆ. ಎಳೆಯಲು ಹೆಸರಿರಲಿಲ್ಲ. ಫೋಟೋದಲ್ಲಿ ಹಿಂದಿನ ಸಾಲಿನ ಅರ್ಧ ಮುಖವೊಂದು ಅವನದೇ ಎಂದು ಅವರೇ ತೋರಿಸಿದರು. ಅದರ ಸುತ್ತ ಒಂದು ದುಂಡು ಹಾಕಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ, ಅದಕ್ಕೆ ಅವರು ಕೈಮುಗಿದರು. ತಿದ್ದುಪಡಿ ಬರೆದು ಕಳಿಸಿದೆ, ಅಚ್ಚಾಗಲಿಲ್ಲ. ಖೋಖೋ ಸುದ್ದಿಗೆ ತಿದ್ದುಪಡಿ ಯಾರು ಹಾಕುತ್ತಾರೆ.

ಅದಕ್ಕೇ ಮುರ್ಹರ್ತಿಯವರ ವೃತ್ತಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಪರೀಕ್ಷೆಯ ಚಮತ್ಕಾರವಲ್ಲ, ನಂತರದ ಮೂವತ್ತೈದು ವರ್ಷ. ಅಷ್ಟೂ ಕಾಲ ಅವರು ಎರಡನೆಯ ಕುರ್ಚಿಯಲ್ಲಿದ್ದರು. ಮೊದಲ ಕುರ್ಚಿ ಇನ್ನೊಬ್ಬ ಮೀಹಾಲ್‌ರದು, ಓಹೇರ್ ಅಂತ. ಅವರು ಸಾಮಾನ್ಯರಲ್ಲ. 1938ರಲ್ಲಿ ಹದಿನೆಂಟಕ್ಕೇ ಶುರುಮಾಡಿದವರು. 1947ರ ಅಖಿಲ ಐರ್ಲೆಂಡ್ ಫುಟ್‌ಬಾಲ್ ಫೈನಲ್ಲನ್ನು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಆಡಿಸಿದಾಗ, ಕಾಯ್ದಿರಿಸಿದ್ದ ಟೆಲಿಫೋನ್ ಲೈನಿನ ಹೊತ್ತು ಆಟಕ್ಕಿಂತ ಮೊದಲೇ ಮುಗಿಯುವಂತಾಯಿತು. ಲೈನ್ ಕಡಿಯಬೇಡಿ, ಇನ್ನೈದು ನಿಮಿಷ ಕೊಡಿ ಎಂದು ಅವರು ಪ್ರಸಾರದ ನಡುವೆಯೇ, ಯಾರೆಂದು ಗೊತ್ತಿಲ್ಲದ ಆಪರೇಟರನ್ನು ಬೇಡಿಕೊಂಡರು. ಲೈನ್ ಉಳಿಯಿತು. ಕ್ಯಾವನ್ ಗೆದ್ದಿತು, ಕೆರ್ರಿ ಸೋತಿತು. ನೆಟ್‌ವರ್ಕ್ ಹೋಗುವ ಮುಂಚೆ ಸುದ್ದಿ ಕಳಿಸಲು ಗುಡ್ಡ ಹತ್ತಿದ ನಮ್ಮಂಥವರಿಗೆ ಆ ಐದು ನಿಮಿಷದ ಬೆಲೆ ವಿವರಿಸಬೇಕಿಲ್ಲ.

ಅಂಥವರು ಇರುವಾಗ ಎರಡನೆಯವರಿಗೆ ಸಿಗುವುದೇನು? ಮುರ್ಹರ್ತಿಯವರಿಗೆ ಸಿಕ್ಕದ್ದು ಮೈನರ್ ಪಂದ್ಯಗಳು. ದೊಡ್ಡವರ ಫೈನಲ್ಲಿಗೆ ಮೊದಲು ಆಡುವ ಎಳೆಯ ಹುಡುಗರ ಆಟ, ಅದನ್ನು ಐರಿಷಿನಲ್ಲಿ ಹೇಳುವ ಕೆಲಸ. ಮೈದಾನ ಇನ್ನೂ ತುಂಬಿರುವುದಿಲ್ಲ, ಭಾಷೆಯನ್ನು ದಿನಬಳಕೆಯಲ್ಲಿ ಇಟ್ಟುಕೊಂಡವರು ಆ ದೇಶದಲ್ಲೇ ಕಡಿಮೆ. ನನ್ನ ಊಹೆ ಇಷ್ಟೇ: ಅವರ ಬಂಡವಾಳ ಬೆಳೆದದ್ದು ಅಲ್ಲಿ. ಹದಿನೇಳಕ್ಕೆ ನೋಡಿದ ಹುಡುಗ ಇಪ್ಪತ್ತೇಳಕ್ಕೆ ಹೆಸರಾಂತ ಆಟಗಾರನಾಗಿ ಬಂದಾಗ ಅವನು ಯಾವ ಊರಿನವನು, ಯಾರ ಮಗ ಎಂದು ಇವರಿಗೆ ಮೊದಲೇ ಗೊತ್ತಿರುತ್ತಿತ್ತು. ಸಾಲದ್ದಕ್ಕೆ, ಡಬ್ಲಿನ್ನಿನಲ್ಲಿ ಕೆಲಸಕ್ಕಿದ್ದ ಕೆರ್ರಿ ಆಟಗಾರರಿಗೆ ತರಬೇತಿ ಕೊಡುತ್ತಿದ್ದವರೂ ಇವರೇ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಆಡುವವರಿಗೆ ಸಂಬಳವಿಲ್ಲ. 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ನಿಯಮ ಅದು. 82 ಸಾವಿರ ಜನ ಹಿಡಿಸುವ ಕ್ರೋಕ್ ಪಾರ್ಕಿನಲ್ಲಿ ಭಾನುವಾರ ಆಡಿದವನು ಸೋಮವಾರ ಹೊಲಕ್ಕೋ ಶಾಲೆಗೋ ಪೊಲೀಸ್ ಠಾಣೆಗೋ ಹೋಗುತ್ತಾನೆ. ಆಡುವವರ ಹೊಟ್ಟೆಪಾಡು ಬೇರೆ, ಆಟ ಹೇಳುವ ಮೇಷ್ಟ್ರ ಹೊಟ್ಟೆಪಾಡೂ ಬೇರೆ. ಇದನ್ನು ಓದಿದ ದಿನ ಬ್ಯಾಂಕಿನ ಅರ್ಜಿ ನೆನಪಾಗಿ ಒಬ್ಬನೇ ನಕ್ಕೆ. ಇದರಿಂದ ಗೌರವಧನ ಕೊಡದವರಿಗೆ ಮಾಫಿ ಸಿಕ್ಕಿತು ಅಂತಲ್ಲ. ಅವರಿಗೆ ಮೇಷ್ಟ್ರ ಸಂಬಳ ತಿಂಗಳು ತಿಂಗಳು ಬರುತ್ತಿತ್ತು, ನಮ್ಮ ಕಥೆ ನಿಮಗೆ ಗೊತ್ತು.

1985ರಲ್ಲಿ ಓಹೇರ್ ತಮ್ಮ ನೂರನೆಯ ಫೈನಲ್ಲಿಗೆ ತಯಾರಾಗುತ್ತಿದ್ದಾಗ ಪಾರ್ಶ್ವವಾಯು ಹೊಡೆಯಿತು. ಮಾತೇ ಬದುಕಾಗಿದ್ದವರ ಮಾತಿಗೆ ತೊಡಕಾಯಿತು. ನೂರನೆಯದು ಆಗಲೇ ಇಲ್ಲ. ಹೀಗೆ ಐವತ್ತೈದರ ಆಸುಪಾಸಿನಲ್ಲಿ, ನಮ್ಮ ಕಡೆ ಜನ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ, ಮುರ್ಹರ್ತಿ ರೇಡಿಯೋದ ಮೊದಲ ದನಿಯಾದರು. ಆಮೇಲಿನ ಇಪ್ಪತ್ತೈದು ವರ್ಷ ಐರ್ಲೆಂಡಿನ ಎಷ್ಟೋ ಮನೆಗಳಲ್ಲಿ ಟಿವಿಯ ಸದ್ದು ಪೂರ್ತಿ ಇಳಿಸಿ, ಚಿತ್ರಕ್ಕೆ ರೇಡಿಯೋದ ಮಾತು ಜೋಡಿಸಿಕೊಂಡು ಆಟ ನೋಡುತ್ತಿದ್ದರು.

ಏನು ಹೇಳುತ್ತಿದ್ದರು? ಅವರ ಹೆಸರಿನಲ್ಲಿ ಓಡಾಡುವ ಒಂದು ತುಣುಕು ಹೀಗಿದೆ. ಟಿಪರರಿಯ ಪ್ಯಾಟ್ ಫಾಕ್ಸ್ ಚೆಂಡು ಹಿಡಿದ, ಹೋದ ವಾರ ಇವನ ಅಪ್ಪನ ಹತ್ತಿರ ಒಂದು ನಾಯಿ ಕೊಂಡೆ, ಫಾಕ್ಸ್ ತಿರುಗಿ ಗೋಲಿನತ್ತ ಓಡುತ್ತಿದ್ದಾನೆ, ಆ ನಾಯಿ ಮಂಗಳವಾರ ಲಿಮರಿಕ್ ರೇಸಿನಲ್ಲಿ ಓಡಿತು, ಫಾಕ್ಸ್ ಬಾರಿಸಿದ, ಚೆಂಡು ಹೊರಗೆ ಹೋಯಿತು, ನಾಯಿಯೂ ಸೋತಿತು. ನಮ್ಮ ಡೆಸ್ಕಿಗೆ ಕಳಿಸಿದ್ದರೆ ಮೊದಲು ಕಡಿದು ಹಾಕುವುದು ಆ ನಾಯಿಯನ್ನೇ. ಆದರೆ ನಾಯಿ ಹೋದರೆ ಅಪ್ಪನೂ ಹೋಗುತ್ತಾನೆ, ಅಪ್ಪ ಹೋದರೆ ಉಳಿಯುವುದು ಹೊರಗೆ ಹೋದ ಒಂದು ಚೆಂಡು.

ಇನ್ನೊಂದು, ಕಾರ್ಕ್ ತಂಡದ ಶಾನ್ ಓಗ್ ಓ ಹಾಲ್ಪಿನ್ ಬಗ್ಗೆ ಹೇಳಿದ್ದು. ಇವನ ಅಪ್ಪ ಫರ್ಮಾನಾದವರು, ಅಮ್ಮ ಫಿಜಿಯವರು, ಎರಡೂ ಹರ್ಲಿಂಗಿಗೆ ಹೆಸರಾದ ಸೀಮೆಗಳಲ್ಲ ಎಂದರು. ಫರ್ಮಾನಾ ಐರ್ಲೆಂಡಿನದೇ ಒಂದು ಕೌಂಟಿ, ಫಿಜಿ ಸಾವಿರಾರು ಮೈಲಿ ಆಚೆಯ ದ್ವೀಪ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟುಬಿಟ್ಟರು. ಹೊರಗಿನವಳ ಮಗ ಎಂದು ಯಾರಾದರೂ ಚುಚ್ಚಬಹುದಾಗಿದ್ದ ಮಾತನ್ನು ಇಡೀ ದೇಶ ಸೇರಿ ನಗುವಂತೆ ಮಾಡಿದರು. ಆ ಆಟಗಾರ 2005ರಲ್ಲಿ ನಾಯಕನಾಗಿ ಕಪ್ ಎತ್ತಿದಾಗ ಐರಿಷ್ ಭಾಷೆಯಲ್ಲೇ ಭಾಷಣ ಮಾಡಿದ.

2010ರ ಸೆಪ್ಟೆಂಬರಿನಲ್ಲಿ, ಎಂಬತ್ತು ತುಂಬಿದ ಮೇಲೆ, ಮುರ್ಹರ್ತಿ ನಿವೃತ್ತಿ ಹೇಳಿದರು. ಕೊನೆಯ ಅಖಿಲ ಐರ್ಲೆಂಡ್ ಫೈನಲ್ಲಿನಲ್ಲಿ ಕಾರ್ಕ್ ತಂಡ ಡೌನ್ ತಂಡವನ್ನು ಒಂದೇ ಅಂಕದಿಂದ ಸೋಲಿಸಿತು. ಅಕ್ಟೋಬರ್ 30ರಂದು ಅದೇ ಕ್ರೋಕ್ ಪಾರ್ಕಿನಲ್ಲಿ ಇನ್ನೊಂದು ಪಂದ್ಯ ಹೇಳಿ ಮೈಕ್ ಇಟ್ಟರು. ಪರೀಕ್ಷೆಗೆ ಕೂತ ಮೈದಾನದಲ್ಲೇ.

ತಾಂಡಾದ ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನಂತೆ. ಅವನ ಅಪ್ಪ ಆಧಾರ್ ಜೆರಾಕ್ಸಿಗೆ ಈಗಲೂ ನನ್ನ ಅಂಗಡಿಗೇ ಬರುತ್ತಾರೆ. ಆ ಸುದ್ದಿಯ ಮಾತು ಅವರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಬರುವ ಗುರುವಾರ ಹೋಬಳಿ ಮಟ್ಟದ ಕ್ರೀಡಾಕೂಟ ಇದೆ. ಎರಡೂ ತಂಡಗಳ ಪಟ್ಟಿಯನ್ನು ದೈಹಿಕ ಶಿಕ್ಷಕರಿಂದ ಇವತ್ತೇ ತರಿಸಿಕೊಂಡಿದ್ದೇನೆ. ಹೆಸರು, ಊರು, ಅಪ್ಪ-ಅವ್ವನ ಹೆಸರು. ಅಂದು ಮಧ್ಯಾಹ್ನದ ತನಕ ಅಂಗಡಿ ಬಂದ್.