ಪಾಕದ ಹದ ಕಿವಿಗೆ ಗೊತ್ತು

ಮಕ್ಕಳಿರುವ ಮನೆಯ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆಗೆ ಹೋಗಲಿ, ಪೇಟೆಗೆ ಹೋಗಲಿ, “ಅಮ್ಮಾ, ಅದು ಕೊಡಿಸು” ಎಂಬ ರಾಗ ತಪ್ಪಿದ್ದಲ್ಲ. ಮುಳಬಾಗಿಲು ತಾಲ್ಲೂಕಿನ ನಮ್ಮ ಆವನಿ, ಸೀತಮ್ಮ ಲವಕುಶರನ್ನು ಹೆತ್ತ ಜಾಗವೆಂದು ಹಿರಿಯರು ಹೇಳುತ್ತಾ ಬಂದ ಊರು. ಶಿವರಾತ್ರಿಯ ಹೊತ್ತಿಗೆ ಇಲ್ಲಿ ರಾಮಲಿಂಗೇಶ್ವರನ ಜಾತ್ರೆ. ತೇರು ನೋಡಿ, ಕಡಲೆಪುರಿ, ಬತ್ತಾಸು ಕಟ್ಟಿಸಿಕೊಂಡು ಬಂದರೆ ಮೊದಲೆಲ್ಲ ಜಾತ್ರೆ ಮುಗಿಯುತ್ತಿತ್ತು. ಈಗಿನ ಮಕ್ಕಳಿಗೆ ಪಾಪ್‌ಕಾರ್ನ್ ಬೇಕು. ಬೆಂಗಳೂರಿನ ಸಿನಿಮಾ ಮಂದಿರ ನೋಡಿ ಬಂದವರಾದರಂತೂ ಕಂದು ಬಣ್ಣದ, ಸಿಹಿಯಾದ ಕ್ಯಾರಮೆಲ್ ಪಾಪ್‌ಕಾರ್ನೇ ಆಗಬೇಕು.

ಹೆಸರು ಕೇಳಿ ಹೆದರಬೇಡಿ. ಅರಳಿದ ಜೋಳಕ್ಕೆ ಪಾಕ ಹಿಡಿಸುವುದು, ಅಷ್ಟೆ. ರಾಗಿ ಅರಳಿಸಿ ಹುರಿಹಿಟ್ಟು ಮಾಡುವ, ಪುರಿಉಂಡೆ, ಕಡಲೆಕಾಯಿ ಮಿಠಾಯಿ ಮಾಡುವ ಕೈಗೆ ಇದು ಹೊಸ ವಿದ್ಯೆಯೇನಲ್ಲ.

ನಮ್ಮ ಮನೆಯಲ್ಲಿ ಇದರ ಹದ ಹೇಳುವವರು ನಮ್ಮ ಅತ್ತೆ. ಅವರಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಗ್ಲಾಕೋಮಾ ಎಂಬ ಕಾಯಿಲೆ. ಪೊರೆಯಾದರೆ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಇದರಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬೇಕು. ಸೇರುಗಟ್ಟಲೆ ಪುರಿಗೆ ಒಬ್ಬರೇ ಪಾಕ ತೆಗೆಯುತ್ತಿದ್ದವರು ತಾವಾಗಿಯೇ ಒಲೆಯ ಹತ್ತಿರ ಬರುವುದನ್ನು ಬಿಟ್ಟರು. “ನನ್ನಿಂದ ಇನ್ನೇನಮ್ಮಾ ಆಗ್ತದೆ, ಸುಮ್ನೆ ಅಡ್ಡ” ಎಂದು ನಡುಮನೆಯಲ್ಲಿ ಗೋಡೆಗೊರಗಿ ಕೂತುಬಿಡುತ್ತಿದ್ದರು. ಬೇಡವೆಂದರೂ ಅಡುಗೆಮನೆ ಬಿಡದ ಹೆಂಗಸಿಗೆ ಅಡುಗೆಮನೆಯೇ ಬೇಡವಾದರೆ ಹೇಗಿರುತ್ತದೆ, ನೀವೇ ಯೋಚಿಸಿ. ಊಟವೂ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು.

ಒಂದು ಭಾನುವಾರ ಮೊಮ್ಮಗಳು ಜೋಳ ಅರಳಿಸುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ. ನಡುಮನೆಯಿಂದ ಕೂಗು ಬಂತು: “ಸದ್ದು ನಿಲ್ತಾ ಐತೆ ಕಣೇ, ಇಳಿಸು! ಇನ್ನೊಂದ್ ಗಳಿಗೆ ಬಿಟ್ರೆ ಸೀಯ್ತದೆ!” ಇಳಿಸಿ ನೋಡಿದರೆ ಜೋಳ ಮಲ್ಲಿಗೆ ಹೂವಿನ ಹಾಗೆ ಅರಳಿದೆ, ಒಂದೂ ಕಪ್ಪಾಗಿಲ್ಲ. ಆಗ ಹೊಳೆಯಿತು. ಈ ತಿಂಡಿಗೆ ಕಣ್ಣಿಗಿಂತ ಕಿವಿ ಮುಖ್ಯ. ಅಂದಿನಿಂದ ಅಡುಗೆಮನೆಯ ಬಾಗಿಲ ಬಳಿ, ಬೆಂಕಿಯಿಂದ ನಾಲ್ಕು ಮಾರು ದೂರದಲ್ಲಿ, ಅತ್ತೆಗೊಂದು ಕುರ್ಚಿ ಹಾಕಿದ್ದೇವೆ.

ಈಗ ಮಾಡುವ ಬಗೆ ಕೇಳಿ. ಅರ್ಧ ಲೋಟ, ಅಂದರೆ ಸುಮಾರು 100 ಗ್ರಾಂ ಜೋಳ, 200 ಗ್ರಾಂ ಬೆಲ್ಲ, ಎರಡು ದೊಡ್ಡ ಚಮಚ ತುಪ್ಪ, ಎರಡು ಚಮಚ ಎಣ್ಣೆ, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಪರಿಮಳಕ್ಕೆ ಏಲಕ್ಕಿ ಪುಡಿ ಅಥವಾ ಒಣಶುಂಠಿ ಪುಡಿ. ಹುರಿದ ಎಳ್ಳು ಸೇರಿಸಿದರೆ ರುಚಿಯೇ ಬೇರೆ. ಹೊಲದ ಮುಸುಕಿನ ಜೋಳ ಚೆನ್ನಾಗಿ ಅರಳುವುದಿಲ್ಲ. ಅಂಗಡಿಯಲ್ಲಿ ಪಾಪ್‌ಕಾರ್ನ್ ಜೋಳವೆಂದೇ ಕೇಳಿ ತನ್ನಿ.

ಈ ಕಾಳಿನೊಳಗೆ ನೂರಕ್ಕೆ ಸುಮಾರು 14 ಪಾಲು ನೀರಿರುತ್ತದೆ. ಕಾಳು ಸುಮಾರು 180 ಡಿಗ್ರಿ ಕಾದಾಗ ಆ ನೀರಿನ ಆವಿ ಗಟ್ಟಿ ಸಿಪ್ಪೆಯನ್ನು ಸೀಳಿಕೊಂಡು ಬರುತ್ತದೆ. ಹಳೆಯ, ಒಣಗಿದ ಕಾಳು ಅರಳದೆ ಉಳಿಯುವುದು ಇದಕ್ಕೇ. ಅತ್ತೆ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. “ರಾಗಿ ಅರಳ್ಸೋಕೆ ಮುಂಚೆ ನೀರು ಚಿಮುಕಿಸಿ ಇಡ್ತೀವಲ್ಲ, ಹಾಗೇ ಮಾಡು” ಎಂದರು. ಒಂದು ಚಮಚ ನೀರು ಹಾಕಿ ಡಬ್ಬಿ ಕುಲುಕಿ, ಮುಚ್ಚಿ ಎರಡು ದಿನ ಇಟ್ಟೆವು. ಒಣಗಿದ ಕಾಳೂ ಅರಳಿತು!

ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಮೂರೇ ಕಾಳು ಹಾಕಿ. ಅವು ಸಿಡಿದ ಮೇಲೆ ಉಳಿದದ್ದನ್ನು ಹಾಕಿ. ಪಾತ್ರೆ ಚಿಕ್ಕದಾದರೆ ಎರಡು ಸಲಕ್ಕೆ ಮಾಡಿ. ಆವಿ ಹೋಗಲು ಮುಚ್ಚಳ ಕೊಂಚ ಓರೆಯಿರಲಿ. ಸಿಡಿತ ಮಳೆಯ ಹಾಗೆ ಸುರಿದು, ತಗ್ಗಿ, ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಮೂರು ಎಣಿಸುವಷ್ಟು ಬಿಡುವಾದರೆ ಇಳಿಸಿ. ಅರಳದ ಕಾಳುಗಳನ್ನು ಆರಿಸಿ ತೆಗೆಯಿರಿ.

ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ, ತುಪ್ಪದೊಡನೆ ಕುದಿಸಿ. ಮೊದಲು ಬುಳುಬುಳು ಎನ್ನುವ ಪಾಕ ನೀರು ಆರಿದಂತೆ ಕೊತಕೊತ ಎಂದು ಗಡುಸಾಗುತ್ತದೆ. ಆಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ಸ್ಟೀಲ್ ತಟ್ಟೆಗೆ ಹಾಕಿ. ಮೆತ್ತಗೆ ಬಿದ್ದರೆ ಅದು ಪುರಿಉಂಡೆಯ ಪಾಕ. ‘ಟಣ್’ ಎಂದರೆ ನಮಗೆ ಬೇಕಾದ ಹದ. ಆ ‘ಟಣ್’ ಕೇಳಿ ಅತ್ತೆ “ಬಂತು!” ಎಂದಮೇಲೆಯೇ ನಮ್ಮಲ್ಲಿ ಒಲೆ ಆರುವುದು. ತಕ್ಷಣ ಉಪ್ಪು, ಏಲಕ್ಕಿ, ಸೋಡಾ ಹಾಕಿ. ಪಾಕ ನೊರೆಯೇಳುತ್ತದೆ, ಆ ಗುಳ್ಳೆಗಳಿಂದಲೇ ಹಲ್ಲಿಗೆ ಗರಿಗರಿ. ಜೋಳದ ಮೇಲೆ ಸುರಿದು ಬೇಗ ಮಗುಚಿ, ತುಪ್ಪ ಸವರಿದ ತಟ್ಟೆಯಲ್ಲಿ ಹರಡಿ. ಆರಿದ ಮೇಲೆ ಬಿಗಿಯಾದ ಡಬ್ಬಿಗೆ ತುಂಬಿ.

2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬಿಡಿಯಾಗಿ ಮಾರುವ ಉಪ್ಪು-ಮಸಾಲೆಯ ಪಾಪ್‌ಕಾರ್ನ್‌ಗೆ ಶೇಕಡಾ 5, ಕ್ಯಾರಮೆಲ್ ಪಾಪ್‌ಕಾರ್ನ್‌ಗೆ ಶೇಕಡಾ 18 ತೆರಿಗೆ ಎಂದು ಸ್ಪಷ್ಟಪಡಿಸಿದಾಗ ಊರೆಲ್ಲ ನಕ್ಕಿತ್ತು. ಸಿಹಿ ಬಿದ್ದರೆ ಅದು ಮಿಠಾಯಿಯ ಲೆಕ್ಕವಂತೆ. ಸುದ್ದಿ ಕೇಳಿದ ಅತ್ತೆ ನಗಲಿಲ್ಲ. “ಸರಿಯಾಗೇ ಹೇಳವ್ರೆ. ಅರಳು ಯಾರು ಬೇಕಾದ್ರೂ ಹುರೀತಾರೆ, ಪಾಕ ತೆಗೆಯೋದು ಬೇರೆ ವಿದ್ಯೆ” ಎಂದರು.

ಎರಡು ಎಚ್ಚರಿಕೆಯ ಮಾತು. ಪಾಕ ಕುದಿನೀರಿಗಿಂತ ಬಹಳ ಬಿಸಿ, ಮೈಗೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಸುಟ್ಟರೆ ಟೂತ್‌ಪೇಸ್ಟ್ ಬಳಿಯದೆ 20 ನಿಮಿಷ ನಲ್ಲಿ ನೀರಿನಡಿ ಹಿಡಿದು, ಗಾಯ ದೊಡ್ಡದಿದ್ದರೆ ವೈದ್ಯರಲ್ಲಿಗೆ ಹೋಗಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಬೇಡಿ; ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಅತ್ತೆಯ ಕಣ್ಣೇನೂ ಸುಧಾರಿಸಿಲ್ಲ. ಆದರೆ ಭಾನುವಾರ ಬಂತೆಂದರೆ “ಬೆಲ್ಲ ತಂದಿದೀರೇನ್ರೇ?” ಎಂದು ಅವರೇ ಕೇಳುತ್ತಾರೆ. ಮೊಮ್ಮಗಳು ಕಣ್ಣುಮುಚ್ಚಿ ‘ಟಣ್’ ಗುರುತಿಸುವುದನ್ನು ಕಲಿಯುತ್ತಿದ್ದಾಳೆ. ಮೊಮ್ಮಗನನ್ನೂ ಅವರು ಬಿಟ್ಟಿಲ್ಲ. ನಿಮ್ಮ ಮನೆಯಲ್ಲೂ “ನನ್ನಿಂದೇನಾಗ್ತದೆ” ಎನ್ನುವ ಹಿರಿಯರಿದ್ದರೆ, ಸಮಾಧಾನದ ಮಾತು ಬೇಡ. ಕುರ್ಚಿ ಹಾಕಿ ಕೂರಿಸಿ ಹದ ಕೇಳಿ ನೋಡಿ.