ಸೀನುವ ಕಾರು

ನಮ್ಮವರು 1995ರಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದರಲ್ಲಿ ಎಲ್ಲರ ಕಣ್ಣಿಗೂ ಚುಚ್ಚುತ್ತಿದ್ದುದು ಆ ಹಳೆಯ ಬಿಳಿ ಕಾರು. ‘ಒಂಟಿ ಹೆಂಗಸಿಗೆ ಯಾಕಮ್ಮ ಈ ಆನೆ ಸಾಕುವ ಕೆಲಸ? ಮಾರಿಬಿಡು’ ಎಂದು ಭಾವನವರು ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಹೇಳಿದ್ದರು. ನಾನು ಮಾರಲಿಲ್ಲ. ಶಿವಮೊಗ್ಗದಿಂದ ಆಯನೂರಿನ ಶಾಲೆಗೆ ಅದರಲ್ಲೇ ಹೋಗಿಬರುತ್ತಿದ್ದೆ. ಸ್ಟಿಯರಿಂಗಿನ ಮುಂದೆ ಕೂತ ಆ ಅರ್ಧ ಗಂಟೆ ನನ್ನನ್ನು ಯಾರೂ ‘ಅಯ್ಯೋ ಪಾಪ’ ಎನ್ನುತ್ತಿರಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಅದಕ್ಕೆ ಕಾಯಿಲೆ ಬಂತು. ನಿಂತಲ್ಲೇ ಗಡಗಡ ನಡುಕ, ಏರಿನಲ್ಲಿ ಏದುಸಿರು, ನಡುನಡುವೆ ಬಾನೆಟ್ಟಿನೊಳಗೆ ‘ಫಟ್’ ಎಂದು ಒಂದು ಸೀನು. ಪೇಟೆಯ ದೊಡ್ಡ ಗ್ಯಾರೇಜಿಗೆ ಒಯ್ದು ‘ಕಾರು ಸೀನುತ್ತದೆ’ ಎಂದೆ. ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಯಜಮಾನ ನಗಲಿಲ್ಲ, ಬಾನೆಟ್ಟನ್ನು ಎತ್ತಲೂ ಇಲ್ಲ. ‘ಪಿಸ್ಟನ್ ಸವೆದಿದೆ ಮೇಡಂ. ಇಂಜಿನ್ ಪೂರ್ತಿ ಇಳಿಸಬೇಕು, 13,000 ರೂಪಾಯಿ’ ಎಂದ. ನನ್ನ ಮೂರು ತಿಂಗಳ ಸಂಬಳ! ಸುದ್ದಿ ಕೇಳಿದ ಭಾವನವರು ಗಿರಾಕಿಯನ್ನೇ ಗೊತ್ತುಮಾಡಿಬಿಟ್ಟರು. ಭಾನುವಾರ ಬರುತ್ತಾನಂತೆ.

ಶುಕ್ರವಾರ ಸಂಜೆ ನಮ್ಮ ಶಾಲೆಯ ಜವಾನ ಹೇಳಿದ ಒಬ್ಬ ಮುದುಕರ ತಗಡಿನ ಶೆಡ್ಡಿಗೆ ಹೋದೆ. ಅಲ್ಲೂ ಅದೇ ಮಾತು ಬಾಯಿಗೆ ಬಂತು, ಸೀನು. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು: ‘ಎಲ್ಲಿಂದಮ್ಮ? ಮುಂದೆ ಕಾರ್ಬುರೇಟರಿನಿಂದಲೋ, ಹಿಂದೆ ಸೈಲೆನ್ಸರಿನಿಂದಲೋ?’

‘ಮುಂದಿನಿಂದ.’

‘ಹಾಗಾದರೆ ಇನ್‌ಟೇಕ್ ವಾಲ್ವ್ ಇರಬಹುದು. ನೋಡೋಣ.’

ಪೆಟ್ರೋಲೂ ಗಾಳಿಯೂ ಸಿಲಿಂಡರಿನೊಳಕ್ಕೆ ಬರುವ ಬಾಗಿಲು ಅದು. ಬಂದ ಮೇಲೆ ಬಿಗಿಯಾಗಿ ಮುಚ್ಚಬೇಕು. ಸಂದಿ ಬಿಟ್ಟರೆ ಒಳಗಿನ ಬೆಂಕಿ ಬಂದ ದಾರಿಗೇ ಹಿಂದಿರುಗುತ್ತದೆ. ಕುಕ್ಕರಿನ ರಬ್ಬರು ಸವೆದರೆ ಆವಿ ಪಕ್ಕದಲ್ಲಿ ಸೋರಿ ಬೇಳೆ ಬೇಯದೆ ಕೂರುವುದಿಲ್ಲವೇ, ಹಾಗೆ.

ಇಂಜಿನ್ ಓಡುತ್ತಿರುವಾಗಲೇ ಒಣಬಟ್ಟೆ ಹಿಡಿದು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತರು. ಮೂರರಲ್ಲಿ ಇಂಜಿನ್ ಮುಗ್ಗರಿಸಿತು. ಎರಡನೆಯದನ್ನು ಕಿತ್ತಾಗ ಮಾತ್ರ ಏನೂ ಆಗಲಿಲ್ಲ; ದುಡಿಯದವನು ರಜೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ! ಅಲ್ಲಿ ಗೇಜು ಇಟ್ಟರೆ ಒತ್ತಡ ಉಳಿದವುಗಳ ಅರ್ಧ. ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರು. ಮುಳ್ಳು ಏರಲಿಲ್ಲ. ‘ಪಿಸ್ಟನ್ ರಿಂಗು ಸವೆದಿದ್ದರೆ ಎಣ್ಣೆಗೆ ಏರುತ್ತಿತ್ತು. ವಾಲ್ವೇ.’

ಟಪ್ಪೆಟ್ಟಿನ ಸಂದಿಯಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಲು ಹೋದರೆ ಅದು ಹೋಗಲೇ ಇಲ್ಲ. ‘ಇಷ್ಟು ಬಿಗಿ ಮಾಡಿದವರು ಯಾರು?’ ನಾನು ತಲೆ ತಗ್ಗಿಸಿದೆ. ಹಿಂದಿನ ತಿಂಗಳು ‘ಟಿಕ್ ಟಿಕ್ ಸದ್ದು ನಿಲ್ಲಿಸಿ’ ಎಂದು ಬೇರೆ ಕಡೆ ಹಟ ಹಿಡಿದವಳು ನಾನೇ. ವಾಲ್ವ್ ಕಾದು ಉದ್ದವಾಗಲು ಆ ಕೂದಲೆಳೆಯಷ್ಟು ಜಾಗ ಬೇಕಂತೆ. ಇಲ್ಲದಿದ್ದರೆ ಪೂರ್ತಿ ಮುಚ್ಚುವುದೇ ಇಲ್ಲ. ಸಡಿಲಿಸಿದರೂ ನಡುಕ ಅರ್ಧಕ್ಕರ್ಧ ಉಳಿಯಿತು. ಅಷ್ಟರಲ್ಲಿ ಅಂಚು ಕೆಟ್ಟಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸಿನಲ್ಲಿ ಬಂದೆ. ಹೆಡ್ ಕಳಚಿ ಬೆಂಚಿನ ಮೇಲಿಟ್ಟಿದ್ದರು. ವಾಲ್ವಿನ ಅಂಚಿಗೆ ಬೂದು ಬಣ್ಣದ ಪೇಸ್ಟು ಸವರಿ, ರಬ್ಬರಿನ ಬಟ್ಟಲಿದ್ದ ಒಂದು ಕೋಲನ್ನು ಅಂಟಿಸಿ, ಎರಡು ಅಂಗೈ ನಡುವೆ ಹೊಸೆಯುತ್ತಿದ್ದರು. ಥೇಟ್ ನಮ್ಮಜ್ಜಿಯ ಕಡಗೋಲು! ‘ನಾನೂ ಒಂದಿಷ್ಟು ಕಡೆಯಲೇ?’ ಎಂದೆ. ಕೊಟ್ಟೇಬಿಟ್ಟರು. ಆಗಾಗ ಎತ್ತಿ ಸ್ವಲ್ಪ ತಿರುಗಿಸಿಟ್ಟು ಮತ್ತೆ ಹೊಸೆಯಬೇಕು. ಸುತ್ತಲೂ ಒಂದೇ ಸಮನೆ ಮಾಸಲು ಉಂಗುರ ಮೂಡುವ ತನಕ ಕೈ ನೋಯುತ್ತಿದ್ದರೂ ಬಿಡಲಿಲ್ಲ. ಕೊನೆಗೆ ಸ್ಪ್ರಿಂಗು ಹಾಕಿ, ಮೇಲಿನಿಂದ ಸೀಮೆಎಣ್ಣೆ ಸುರಿದು ಕಾದರು. ಒಂದು ಹನಿಯೂ ಜಿನುಗಲಿಲ್ಲ. ಹೊಸ ಗ್ಯಾಸ್ಕೆಟ್ಟೂ ಸೇರಿ 900 ರೂಪಾಯಿ.

ಭಾನುವಾರ ಗಿರಾಕಿ ಬಂದ. ಭಾವನವರೇ ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹತ್ತಿ, ಸಣ್ಣಗೆ ಟಿಕ್ ಟಿಕ್ ಎನ್ನುತ್ತಾ ನಿಂತಿತು. ಗಿರಾಕಿ ಕಿವಿಗೊಟ್ಟು ಕೇಳಿ, ಹೇಳಿದ್ದಕ್ಕಿಂತ 3,000 ಹೆಚ್ಚು ಕೊಡುತ್ತೇನೆಂದ. ನಾನು ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ.