ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ನೀಲಗಿರಿ ಒಂದು ಅಪವಾದ. ಬೇಲಿ, ಕಾವಲು ಬೇಡದ ಮರವೆಂದು ಕೋಲಾರದ ಕಡೆಯ ರೈತರು ಅದನ್ನು ಮೆಚ್ಚಿದ್ದೂ ಇದಕ್ಕೇ. ಆದರೆ ಈ ಎಲೆಯನ್ನೇ ನಂಬಿದ ಪ್ರಾಣಿಯೊಂದು ಆಸ್ಟ್ರೇಲಿಯದಲ್ಲಿದೆ: ಕೊವಾಲಾ.

ಚಿತ್ರದಲ್ಲಿ ನೋಡಿದ ಮಕ್ಕಳು ಅದನ್ನು ಕರಡಿ ಎನ್ನುವುದುಂಟು. ಕರಡಿಯಲ್ಲ, ಕಾಂಗರೂವಿನಂತೆ ಹೊಟ್ಟೆಚೀಲದ ಸಸ್ತನಿ. ಸುಮಾರು 35 ದಿನಗಳಲ್ಲೇ ಹುಟ್ಟುವ ಮರಿಯ ಉದ್ದ 2 ಸೆಂಟಿಮೀಟರ್, ತೂಕ ಒಂದು ಗ್ರಾಮಿಗೂ ಕಡಿಮೆ. ಮುಂದಿನ ಆರು ತಿಂಗಳು ಚೀಲದೊಳಗೇ ವಾಸ.

ಮರ, ಪ್ರಾಣಿ ಎರಡೂ ಜಿಪುಣರೇ. ಬಡ ಮಣ್ಣಿನ ಮರಕ್ಕೆ ಒಂದೊಂದು ಎಲೆಯೂ ದುಬಾರಿ. ಅದಕ್ಕೇ ಎಲೆಯಲ್ಲಿ ನಾರು ಹೆಚ್ಚು, ಪ್ರೋಟೀನು ಕಡಿಮೆ. ಮೇಲೆ ವಿಷದ ಎಣ್ಣೆ, ಫೀನಾಲುಗಳು. ಕೊವಾಲಾದ ಯಕೃತ್ತು ಆ ವಿಷವನ್ನು ಒಡೆಯುತ್ತದೆ. ಎರಡು ಮೀಟರ್‌ವರೆಗೂ ಉದ್ದವಿರುವ ಕುರುಡುಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನಾರನ್ನು ಕೊಳೆಯಿಸುತ್ತವೆ. ಇಷ್ಟಾದರೂ ದಕ್ಕುವ ಶಕ್ತಿ ಅಲ್ಪ. ಆದ್ದರಿಂದ ದಿನಕ್ಕೆ 18ರಿಂದ 20 ಗಂಟೆ ನಿದ್ದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಮರಿಗೆ ಹುಟ್ಟುವಾಗ ಈ ಬ್ಯಾಕ್ಟೀರಿಯಾಗಳಿರುವುದಿಲ್ಲ. ಎಲೆಗೆ ಬಾಯಿ ಹಾಕುವ ಮುನ್ನ ಅದು ತಾಯಿ ವಿಸರ್ಜಿಸುವ ಒಂದು ಬಗೆಯ ಮೆತ್ತನೆಯ ಮಲವನ್ನು ತಿಂದು ಅವನ್ನು ಪಡೆಯುತ್ತದೆ. ಮೂಗು ಮುರಿಯಬೇಡಿ, ಹಾಲಿಗೆ ಹೆಪ್ಪು ಹಾಕಿದಂತೆ ಇದೂ!

ಪಪುವಾ ನ್ಯೂಗಿನಿಯಿಂದ ಆಸ್ಟ್ರೇಲಿಯದ ಪೂರ್ವ ಭಾಗದವರೆಗೆ ಬೆಳೆಯುವ ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಕೊವಾಲಾಗೆ ಬಲು ಪ್ರಿಯ. ಕರ್ನಾಟಕದ ಬಯಲುಸೀಮೆಯ ನೀಲಗಿರಿಯೂ ಬಹುಮಟ್ಟಿಗೆ ಇದೇ. (ನೆಗಡಿಗೆ ಹಚ್ಚುವ ಎಣ್ಣೆಗೆ ಹೆಸರಾದದ್ದು ಊಟಿಯ ಕಡೆಯ ಬೇರೆ ಜಾತಿ.) 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದಲ್ಲಿ ನೆಡಿಸಿದನೆನ್ನಲಾದ ಮರಗಳ ಸಂತತಿಗೆ 'ಮೈಸೂರು ಗಮ್' ಎಂಬ ಹೆಸರೇ ಬಂತು.

ಮರ ಪರದೇಶದಲ್ಲೂ ಬದುಕಿಕೊಂಡಿತು. ಕೊವಾಲಾ ಮಾತ್ರ ಮರ ಬಿಟ್ಟು ಬದುಕದು. ಅಪರೂಪಕ್ಕೆ ನೀರು ಕುಡಿಯುವ ಅದಕ್ಕೆ ನೀರೂ ಬಹುಪಾಲು ಎಲೆಯಿಂದಲೇ. ಇಲ್ಲಿಯಾದರೋ ಮರವೇ ಅಂತರ್ಜಲ ಕುಡಿಯುತ್ತದೆಂಬ ದೂರು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬಾವಿ ಬತ್ತಿದ ಊರಿನಲ್ಲಿ ಅದನ್ನು ಕಿತ್ತರೆ ತಪ್ಪೇನಿಲ್ಲ.

ಕ್ವೀನ್ಸ್‌ಲ್ಯಾಂಡಿನಲ್ಲಿ ಲೆಕ್ಕ ಬೇರೆ. ಅಲ್ಲಿ ಹುಲ್ಲುಗಾವಲಿಗೆ, ಬಡಾವಣೆಗೆ ಇದೇ ಮರಗಳು ಉರುಳಿವೆ. ನ್ಯೂ ಸೌತ್ ವೇಲ್ಸ್‌ನಲ್ಲಿ 2019–20ರ ಕಾಳ್ಗಿಚ್ಚು ಇನ್ನಷ್ಟನ್ನು ಸುಟ್ಟಿತು. 2022ರಲ್ಲಿ ಆಸ್ಟ್ರೇಲಿಯ ಸರ್ಕಾರ ಈ ಎರಡೂ ರಾಜ್ಯಗಳ ಕೊವಾಲಾಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಮರಗಳು ವಿರಳವಾದಂತೆ ಕೊವಾಲಾ ಕೆಳಗಿಳಿದು, ರಸ್ತೆ ದಾಟಿ, ಮುಂದಿನ ಮರಕ್ಕೆ ನಡೆಯಬೇಕು. ಕಾರಿಗೂ ನಾಯಿಗೂ ಅದು ಸಿಕ್ಕಿಬೀಳುವುದು ಆಗಲೇ.